ಮೂರು ರಾಜ್ಯಗಳಿಗೆ ಹಂಚಿಹೋದ ಆಕರಗಳು: ಶಿರೂರ ಅನಂತಪಾಳ ಸೀಮೆಯ ಸಂಶೋಧಕರಿಗೆ ವಿಶ್ವವಿದ್ಯಾಲಯದ ನೆರವು

ವಿಶ್ವವಿದ್ಯಾಲಯವು ತನ್ನ ಸಂಶೋಧಕರಿಗೆ ಯಾವ ನೆರವು ಕೊಡಬೇಕು ಎಂಬ ಚರ್ಚೆ ನಮ್ಮಲ್ಲಿ ಕೇಂದ್ರ ಗ್ರಂಥಾಲಯದ ಕಟ್ಟಡದೊಳಗೆ ಹುಟ್ಟಿ ಅಲ್ಲೇ ಮುಗಿಯುತ್ತದೆ. ಇ-ಜರ್ನಲ್‌ಗಳು ಎಷ್ಟು, ಕೃತಿಚೌರ್ಯ ಪತ್ತೆಮಾಡುವ ತಂತ್ರಾಂಶ ಯಾವುದು, ವರ್ಷದಲ್ಲಿ ನಡೆದ ಕಾರ್ಯಾಗಾರಗಳು ಎಷ್ಟು ಎಂಬ ಪಟ್ಟಿಗಳು ನ್ಯಾಕ್ ಸಮಿತಿ ಬರುವ ಹೊತ್ತಿಗೆ ಸಿದ್ಧವಾಗಿರುತ್ತವೆ. ಈ ಲೇಖನ ಅದೇ ಪ್ರಶ್ನೆಯನ್ನು ಬೇರೆ ತುದಿಯಿಂದ ಕೇಳುತ್ತದೆ. ಲಾತೂರ ಜಿಲ್ಲೆಯ ಶಿರೂರ ಅನಂತಪಾಳದಲ್ಲಿ ಮನೆಯೊಳಗೆ ಕನ್ನಡ ಆಡಿ, ಶಾಲೆಯಲ್ಲಿ ಮರಾಠಿ ಓದಿ ಬೆಳೆದ ವಿದ್ಯಾರ್ಥಿನಿಯೊಬ್ಬಳು ತನ್ನ ಸೀಮೆಯ ಮೇಲೆ ಪಿಎಚ್.ಡಿ. ಮಾಡಲು ಹೊರಟಳು ಎಂದುಕೊಳ್ಳೋಣ. ಅವಳ ಪ್ರಬಂಧ ಮುಗಿಯಬೇಕಾದರೆ ಯಾರು ಯಾರು ಏನೇನು ಮಾಡಬೇಕು?

ಅವಳಿಗೆ ಬೇಕಾದ ಆಕರಗಳು ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣಗಳಲ್ಲಿ ಚದುರಿವೆ. ಅವು ಹಳಗನ್ನಡ, ದೇವನಾಗರಿ, ಮೋಡಿ, ಪಾರ್ಸಿ-ಉರ್ದು ಎಂಬ ನಾಲ್ಕು ಲಿಪಿಗಳಲ್ಲಿವೆ. ಅವಳು ಹೆಸರು ನೋಂದಾಯಿಸಿದ ವಿಶ್ವವಿದ್ಯಾಲಯದ ಅಧಿಕಾರವಾದರೋ ಕೆಲವು ಜಿಲ್ಲೆಗಳ ಗಡಿಗೆ ನಿಲ್ಲುತ್ತದೆ. ಸಂಶೋಧನಾ ನೆರವನ್ನು ವಿಶ್ವವಿದ್ಯಾಲಯದ ವ್ಯಾಪ್ತಿಗೆ ತಕ್ಕಂತೆ ಅಳೆದು ಕೊಡುವವರೆಗೂ ಈ ಸೀಮೆಯ ಸಂಶೋಧನೆ ಅರ್ಧಕ್ಕೇ ನಿಲ್ಲುತ್ತದೆ. ಸಂಶೋಧಕರ ಪ್ರಶ್ನೆ ಎಲ್ಲಿಗೆ ಹೋಗುತ್ತದೋ ಅಲ್ಲಿಯವರೆಗೆ ನೆರವೂ ಹೋಗಬೇಕು ಎಂಬುದು ಇಲ್ಲಿನ ವಾದ.

ಗಡಿ ಬದಲಾದಂತೆ ಬದಲಾದ ದಫ್ತರ

1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಪ್ರದೇಶ ಆ ನಂತರವೂ ಎಂಟು ವರ್ಷ ಹೈದರಾಬಾದ್ ರಾಜ್ಯದ ಭಾಗವಾಗಿಯೇ ಇತ್ತು. ನಿಲಂಗಾ, ಉದಗೀರ, ಅಹಮದಪುರ ಆಗ ಬೀದರ ಜಿಲ್ಲೆಯ ತಾಲೂಕುಗಳು. 1956ರ ನವೆಂಬರ್ 1ರಂದು ಜಾರಿಗೆ ಬಂದ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ ಪ್ರಕಾರ ಈ ಮೂರು ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿ ಉಸ್ಮಾನಾಬಾದ್ ಜಿಲ್ಲೆಯಲ್ಲಿ ಕೂಡಿಕೊಂಡವು. ಬೀದರ ಜಿಲ್ಲೆಯ ಉಳಿದ ಬಹುಭಾಗ ಮೈಸೂರಿಗೆ ಹೋಯಿತು, ಜಹೀರಾಬಾದ್ ಆಂಧ್ರಕ್ಕೆ. 1960ರಲ್ಲಿ ಮಹಾರಾಷ್ಟ್ರ ರಚನೆಯಾಯಿತು. 1982ರ ಆಗಸ್ಟಿನಲ್ಲಿ ಉಸ್ಮಾನಾಬಾದನ್ನು ಒಡೆದು ಲಾತೂರ ಜಿಲ್ಲೆ ಮಾಡಿದರು. ಶಿರೂರ ಅನಂತಪಾಳ ಪ್ರತ್ಯೇಕ ತಾಲೂಕಾದದ್ದು ಇನ್ನೂ ಈಚೆಗೆ. ನೆರೆಯ ಉಮರ್ಗಾ ಇಂದಿಗೂ ಉಸ್ಮಾನಾಬಾದಿನಲ್ಲೇ, ಅಂದರೆ ಈಗಿನ ಧಾರಾಶಿವ ಜಿಲ್ಲೆಯಲ್ಲೇ ಇದೆ.

ವಿಶ್ವವಿದ್ಯಾಲಯಗಳ ಗಡಿಯೂ ಹೀಗೆಯೇ ಸರಿದಿದೆ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಮೊದಲು ಈ ಇಡೀ ಭಾಗದ ಉನ್ನತ ಶಿಕ್ಷಣದ ಕೇಂದ್ರವಾಗಿತ್ತು. 1958ರಲ್ಲಿ ಔರಂಗಾಬಾದಿನಲ್ಲಿ ಮರಾಠವಾಡಾ ವಿಶ್ವವಿದ್ಯಾಲಯ ಬಂತು. 1994ರ ಜನವರಿಯಲ್ಲಿ ಅದಕ್ಕೆ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಅವರ ಹೆಸರು ಸೇರಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ನಾಂದೇಡದಲ್ಲಿ ಸ್ವಾಮಿ ರಾಮಾನಂದ ತೀರ್ಥ ಮರಾಠವಾಡಾ ವಿಶ್ವವಿದ್ಯಾಲಯ ಆರಂಭವಾಗಿ ಲಾತೂರ ಜಿಲ್ಲೆಯ ಕಾಲೇಜುಗಳು ಅದಕ್ಕೆ ಸೇರಿದವು. ಹೀಗಾಗಿ ನಿಲಂಗಾ, ಉದಗೀರ, ಶಿರೂರ ಅನಂತಪಾಳಗಳಿಗೆ ನಾಂದೇಡವೇ ದಿಕ್ಕು. ಪಕ್ಕದ ಉಮರ್ಗಾಕ್ಕೆ ಔರಂಗಾಬಾದ್, ಈಗಿನ ಛತ್ರಪತಿ ಸಂಭಾಜಿನಗರ. ನಾಂದೇಡದ ವಿಶ್ವವಿದ್ಯಾಲಯ ಹೊತ್ತಿರುವುದು ಇಂದಿನ ಕರ್ನಾಟಕದ ಸಿಂದಗಿ ಸೀಮೆಯಲ್ಲಿ ಹುಟ್ಟಿದವರ ಹೆಸರನ್ನು. ಹೈದರಾಬಾದ್ ವಿಮೋಚನಾ ಹೋರಾಟದ ಮುಂಚೂಣಿಗೆ ಬರುವ ಮೊದಲು ಸ್ವಾಮಿ ರಾಮಾನಂದ ತೀರ್ಥರು ಉಮರ್ಗಾಕ್ಕೆ ದೂರವಲ್ಲದ ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಅವರ ಬದುಕಿಗೆ ಈ ಗಡಿ ಅಡ್ಡ ಬರಲಿಲ್ಲ. ಅವರ ಹೆಸರಿನ ವಿಶ್ವವಿದ್ಯಾಲಯದ ಸಂಶೋಧಕರಿಗೆ ಅದು ಅಡ್ಡ ಬರುತ್ತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಗಡಿಯ ಈ ಚರಿತ್ರೆಯನ್ನು ಇಷ್ಟು ವಿವರವಾಗಿ ಹೇಳಲು ಕಾರಣ ದಫ್ತರ. ಗಡಿ ಸರಿದಾಗಲೆಲ್ಲ ಕಾಗದಪತ್ರಗಳ ಮೇಲಿನ ಹೆಸರು ಬದಲಾಗುತ್ತದೆ, ಆದರೆ ಕಾಗದಗಳು ಊರಿನ ಬೆನ್ನಿಗೆ ಬರುವುದಿಲ್ಲ. ನಿಲಂಗಾದ 1951ರ ಜನಗಣತಿಯ ಅಂಕಿ ಬೇಕೆಂದರೆ ಹೈದರಾಬಾದ್ ರಾಜ್ಯದ ಸಂಪುಟಗಳಲ್ಲಿ ಬೀದರ ಜಿಲ್ಲೆಯ ಪುಟ ತೆರೆಯಬೇಕು. 1961ರದಕ್ಕೆ ಮಹಾರಾಷ್ಟ್ರದ ಉಸ್ಮಾನಾಬಾದ್, 1991ರದಕ್ಕೆ ಲಾತೂರ. ಉಸ್ಮಾನಾಬಾದ್ ಜಿಲ್ಲಾ ಗೆಜೆಟಿಯರ್ ಪ್ರಕಟವಾದದ್ದು 1972ರಲ್ಲಿ, ಬೀದರಿನದು 1977ರಲ್ಲಿ. ಒಂದು ಮುಂಬೈಯಿಂದ ಬಂತು, ಇನ್ನೊಂದು ಬೆಂಗಳೂರಿನಿಂದ. ನಿಜಾಮ ಆಡಳಿತದ ಪಾರ್ಸಿ, ಉರ್ದು ಕಡತಗಳು ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರದಲ್ಲಿವೆ. ಊರಿನ ಮನೆಗಳಲ್ಲಿ ಉಳಿದ ಹಳೆಯ ಮರಾಠಿ ಕಾಗದಗಳನ್ನು ಓದಲು ಮೋಡಿ ಬರಬೇಕು. ಇದನ್ನೆಲ್ಲ ಮೊದಲ ವರ್ಷದಲ್ಲೇ ಕೂರಿಸಿಕೊಂಡು ಹೇಳಿಕೊಡುವವರು ಇಲ್ಲವಾದರೆ, ಸಂಶೋಧಕಿ ಎರಡು ವರ್ಷ ಕಳೆದ ಮೇಲೆ ತಾನೇ ಅದನ್ನು ಕಂಡುಕೊಳ್ಳುತ್ತಾಳೆ. ಅಷ್ಟರಲ್ಲಿ ಶಿಷ್ಯವೇತನದ ಅವಧಿ ಕರಗಿರುತ್ತದೆ.

ಸಂಪುಟಗಳ ನಡುವೆ ಬಿದ್ದ ಶಾಸನಗಳು

ದಫ್ತರಗಳಿಗೆ ಆದದ್ದೇ ಮುದ್ರಿತ ಆಕರಗಳಿಗೂ ಆಗಿದೆ. ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ 1958ರಲ್ಲಿ ಪಿ.ಬಿ. ದೇಸಾಯಿ ಅವರು ಸಂಪಾದಿಸಿದ ಶಾಸನ ಸಂಪುಟ ಕಲ್ಯಾಣ ಕರ್ನಾಟಕದ ಶಾಸನಾಧ್ಯಯನಕ್ಕೆ ಬುನಾದಿಯಾಯಿತು. ಆದರೆ ಅದರ ವ್ಯಾಪ್ತಿ ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳು. ಮರಾಠಿ ಕಡೆಯಿಂದ ಶಂ.ಗೋ. ತುಳಪುಳೆ ಅವರು 1963ರಲ್ಲಿ ಹೊರತಂದ ಪ್ರಾಚೀನ ಮರಾಠಿ ಶಾಸನಗಳ ಸಂಪುಟವೂ ಅಷ್ಟೇ ಶ್ರದ್ಧೆಯ ಕೆಲಸ. ಅದರ ವ್ಯಾಪ್ತಿ ಮರಾಠಿ ಭಾಷೆಯ ಶಾಸನಗಳು. ಮರಾಠಿ ಜಿಲ್ಲೆಯಲ್ಲಿರುವ ಕನ್ನಡ ಶಾಸನಕ್ಕೆ ಮೊದಲನೆಯದರಲ್ಲಿ ಜಿಲ್ಲೆಯ ಕಾರಣಕ್ಕೆ ಜಾಗವಿಲ್ಲ, ಎರಡನೆಯದರಲ್ಲಿ ಭಾಷೆಯ ಕಾರಣಕ್ಕೆ ಜಾಗವಿಲ್ಲ. ಸಂಪಾದಕರಲ್ಲಿ ದೋಷ ಹುಡುಕುವ ಮಾತಲ್ಲ ಇದು. ಯಾವುದೇ ಸಂಪುಟಕ್ಕೂ ಒಂದು ಎಲ್ಲೆ ಬೇಕೇ ಬೇಕು. ಎರಡು ಎಲ್ಲೆಗಳ ನಡುವೆ ಉಳಿದುಹೋದ ಸಾಮಗ್ರಿ ಎಲ್ಲಿದೆ ಎಂದು ತೋರಿಸುವ ಕೆಲಸ ಮಾತ್ರ ವಿಶ್ವವಿದ್ಯಾಲಯದ್ದು.

ಸಾಮಗ್ರಿ ಸಣ್ಣದೂ ಅಲ್ಲ. ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆಯನ್ನು ಗೋದಾವರಿಯವರೆಗೆ ಹೇಳಿದ್ದು ನಮಗೆ ವೇದಿಕೆಯ ಮಾತಾಗಿಬಿಟ್ಟಿದೆ. ಅದನ್ನು ಕಲ್ಲಿನ ಮೇಲೆ ಪರೀಕ್ಷಿಸಿ ನೋಡಬಹುದಾದ ಜಾಗ ಈ ಸೀಮೆ. ರಾಷ್ಟ್ರಕೂಟರು, ಸವದತ್ತಿಯ ರಟ್ಟರು ತಮ್ಮ ಬಿರುದುಗಳಲ್ಲಿ ಮೂಲಸ್ಥಾನವೆಂದು ಹೇಳಿಕೊಂಡ ಲತ್ತಲೂರನ್ನು ವಿದ್ವಾಂಸರು ಇಂದಿನ ಲಾತೂರದೊಡನೆ ಗುರುತಿಸಿದ್ದಾರೆ. ನಿಲಂಗಾದ ನೀಲಕಂಠೇಶ್ವರ ಗುಡಿ ಚಾಲುಕ್ಯ ಶೈಲಿಯದು. ಚಾಲುಕ್ಯರ ರಾಜಧಾನಿ ಕಲ್ಯಾಣ ಉಮರ್ಗಾದ ನೆರೆಯಲ್ಲೇ ಇದೆ.

ಈಗ ನಮ್ಮ ಸಂಶೋಧಕಿಯ ಕೈಗೆ ಒಂದು ಪ್ರಶ್ನೆ ಕೊಡೋಣ. ಆರನೆಯ ವಿಕ್ರಮಾದಿತ್ಯನ (1076–1126) ಹಿರಿಯ ದಂಡನಾಯಕರಲ್ಲಿ ಅನಂತಪಾಲನೆಂಬವನಿದ್ದ. ಬನವಾಸಿ, ಬೆಳ್ವೊಲ, ಪುಲಿಗೆರೆ ಭಾಗದ ಆಡಳಿತಕ್ಕೆ ಸಂಬಂಧಿಸಿದ ಶಾಸನಗಳಲ್ಲಿ ಅವನ ಹೆಸರು ಬರುತ್ತದೆ. ಶಿರೂರಿನ ಜೊತೆಗೆ ಅಂಟಿಕೊಂಡ ಅನಂತಪಾಳ ಎಂಬ ಹೆಸರಿಗೂ ಆ ದಂಡನಾಯಕನಿಗೂ ನಂಟಿದೆಯೇ? ಹೆಸರಿನ ಹೋಲಿಕೆಯೊಂದನ್ನೇ ನಂಬಿ ಹೌದೆನ್ನುವುದು ಸಂಶೋಧನೆಯಲ್ಲ. ಹೌದೋ ಅಲ್ಲವೋ ಎಂದು ಹೇಳಲು ಅವಳು ಕೆಲವು ಹೆಜ್ಜೆ ಇಡಬೇಕು, ಪ್ರತಿ ಹೆಜ್ಜೆಗೂ ಬೇರೆ ಬೇರೆ ನೆರವು ಬೇಕು.

ಮೊದಲು ಅನಂತಪಾಲನ ಹೆಸರಿರುವ ಎಲ್ಲ ಶಾಸನಗಳ ಪಟ್ಟಿಯಾಗಬೇಕು. ಅವು ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ, ದಕ್ಷಿಣ ಭಾರತದ ಶಾಸನಗಳ ಸಂಪುಟಗಳಲ್ಲಿ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ ಪ್ರಕಟಿಸಿದ ಕರ್ನಾಟಕ ಶಾಸನ ಮಾಲೆಯಲ್ಲಿ ಹರಡಿವೆ. ಆ ಮೇಲೆ ತನ್ನ ಸೀಮೆಯ ಕಲ್ಲುಗಳು. ಅವುಗಳಲ್ಲಿ ಯಾವುದಕ್ಕೆ ಪಡಿಯಚ್ಚು ಈಗಾಗಲೇ ಆಗಿದೆ ಎಂದು ತಿಳಿಯಲು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ವಾರ್ಷಿಕ ವರದಿಗಳನ್ನು ಸಾಲು ಸಾಲಾಗಿ ನೋಡಬೇಕು. ಆ ವಿಭಾಗ 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂತು. ಪಡಿಯಚ್ಚುಗಳ ದೊಡ್ಡ ಸಂಗ್ರಹವೂ ಅಲ್ಲಿದೆ. ಅಚ್ಚು ಆಗಿರದ ಕಲ್ಲು ಸಿಕ್ಕರೆ ಅದನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಹಚ್ಚಿ ಅಚ್ಚು ತೆಗೆಯಲು ಬಲ್ಲವರು ಬೇಕು. ಗುಡಿಯವರ ಒಪ್ಪಿಗೆ ಬೇಕು. ರಕ್ಷಿತ ಸ್ಮಾರಕವಾದರೆ ಇಲಾಖೆಯ ಅನುಮತಿಯೂ ಬೇಕು. ಸವೆದ ಅಕ್ಷರಗಳನ್ನು ಓದಲು ಹನ್ನೊಂದು, ಹನ್ನೆರಡನೆಯ ಶತಮಾನದ ಕನ್ನಡ ಲಿಪಿಯಲ್ಲಿ ಪಳಗಿದ ಕಣ್ಣು ಬೇಕು. ಊರಿನ ಗುಡಿಯ ಕುರಿತು ಹಿರಿಯರು ಹೇಳುವ ಕಥೆಗಳನ್ನು ಬರೆದುಕೊಳ್ಳಬೇಕು. ಇನಾಂ ಜಮೀನಿನ ಕಾಗದಗಳಿದ್ದರೆ ಮೋಡಿ ಮತ್ತು ಉರ್ದು ಓದುವವರ ಹತ್ತಿರ ಒಯ್ಯಬೇಕು. ಅಷ್ಟಾದ ಮೇಲೆ ಅವಳ ಉತ್ತರ ನಂಟಿಲ್ಲ ಎಂದೇ ಬಂದರೂ ಅದೊಂದು ಗಟ್ಟಿ ಸಂಶೋಧನೆ. ಇಷ್ಟರಲ್ಲಿ ಯಾವ ಹೆಜ್ಜೆಯನ್ನೂ ಒಂದೇ ವಿಶ್ವವಿದ್ಯಾಲಯದ ಇ-ಜರ್ನಲ್ ಚಂದಾ ಮಾಡಿಕೊಡಲಾರದು.

ನೆರವು ಸಿಕ್ಕಾಗ ಏನಾಯಿತು

ಇಂಥ ನೆರವು ಈ ನೆಲಕ್ಕೆ ಹೊಸತೇನಲ್ಲ. 1968ರಲ್ಲಿ ನಾಂದೇಡದ ಯಶವಂತ ಮಹಾವಿದ್ಯಾಲಯ ನಾಂದೇಡ ಜಿಲ್ಲೆಯ ಶಾಸನಗಳ ಸಂಪುಟವೊಂದನ್ನು ಪ್ರಕಟಿಸಿತು. ಸಂಪಾದಕರು ಧಾರವಾಡದ ಶಾಸನತಜ್ಞ ಶ್ರೀನಿವಾಸ ರಿತ್ತಿ ಮತ್ತು ಜಿ.ಸಿ. ಶೇಳ್ಕೆ. ಹೊಟ್ಟಲ, ತಡಖೇಲ, ಕರಡಖೇಡಗಳ ಚಾಲುಕ್ಯ ಕಾಲದ ಕನ್ನಡ ಶಾಸನಗಳು ವಿದ್ವಾಂಸರ ಕೈಗೆ ಒಟ್ಟಾಗಿ ಸಿಕ್ಕಿದ್ದು ಈ ಬಗೆಯ ಕೆಲಸದಿಂದ. ಆಗ ನಾಂದೇಡದಲ್ಲಿ ವಿಶ್ವವಿದ್ಯಾಲಯವೇ ಇರಲಿಲ್ಲ. ಒಂದು ಕಾಲೇಜು ಮುದ್ರಣದ ಹೊಣೆ ಹೊತ್ತಿತು. ಸ್ಥಳ ಬಲ್ಲವರೊಬ್ಬರು, ಲಿಪಿ ಬಲ್ಲವರೊಬ್ಬರು ರಾಜ್ಯದ ಗಡಿ ದಾಟಿ ಜೊತೆಗೂಡಿದರು. ಎರಡು ದಶಕದ ನಂತರ ಅದೇ ರಿತ್ತಿಯವರು ಸೊಲ್ಲಾಪುರದ ಆನಂದ ಕುಂಭಾರರೊಡನೆ ಸೇರಿ ಸೊಲ್ಲಾಪುರ ಜಿಲ್ಲೆಯ ಶಾಸನಗಳನ್ನು 1988ರಲ್ಲಿ ಹೊರತಂದರು. ಕುಂಭಾರರು ಯಾವ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಆಗಿರಲಿಲ್ಲ. ಸೊಲ್ಲಾಪುರ ಸುತ್ತಲಿನ ಕಲ್ಲುಗಳನ್ನು ಹುಡುಕಿ, ಮರಾಠಿಯಲ್ಲಿ ಬರೆದು, ಕನ್ನಡ ಶಾಸನಗಳಿಗೆ ಮರಾಠಿ ಓದುಗರನ್ನು ದೊರಕಿಸಿಕೊಟ್ಟರು. ಈ ಎರಡು ಸಂಪುಟಗಳಿಗೆ ನಾನು ಕೊಡುವ ಬೆಲೆ ಅವುಗಳಲ್ಲಿರುವ ಪಾಠಗಳಿಗಷ್ಟೇ ಸೀಮಿತವಲ್ಲ. ಗಡಿಯ ಸಂಶೋಧನೆಗೆ ಎಂಥ ಜೋಡಿ ಬೇಕೆಂಬುದನ್ನು ಇವು ಮಾಡಿ ತೋರಿಸಿವೆ.

ಎರಡನೆಯ ಪಾಠ ಗ್ರಂಥಪಾಲಕರಿಂದ ಬಂದದ್ದು. ಕೌಟಿಲ್ಯನ ಅರ್ಥಶಾಸ್ತ್ರದ ತಾಡೋಲೆಯನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಆರ್. ಶಾಮಶಾಸ್ತ್ರಿಗಳು ಮೈಸೂರು ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದವರು. ಹೊಸಗನ್ನಡದ ಅರುಣೋದಯ (1974) ಬರೆದ ಶ್ರೀನಿವಾಸ ಹಾವನೂರರೂ ವೃತ್ತಿಯಿಂದ ಗ್ರಂಥಪಾಲಕರು. ಮುಂದೆ ಅವರು ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಕಟ್ಟಿದರು, ಬಾಸೆಲ್ ಮಿಶನ್ನಿನ ಕನ್ನಡ ದಾಖಲೆಗಳನ್ನು ಅಧ್ಯಯನಕ್ಕೆ ತೆರೆದರು. ಹತ್ತೊಂಬತ್ತನೆಯ ಶತಮಾನದ ಕನ್ನಡದ ಮೇಲೆ ಆಮೇಲೆ ಕೆಲಸ ಮಾಡಿದವರೆಲ್ಲ ಹಾವನೂರರು ಹಾಕಿಕೊಟ್ಟ ದಾರಿಯಲ್ಲೇ ನಡೆದಿದ್ದಾರೆ. ಎಲ್ಲಿ ಏನಿದೆ ಎಂದು ಬಲ್ಲವರು ಸ್ವತಃ ಸಂಶೋಧಕರಾಗಿದ್ದಾಗ ನೆರವಿನ ಗುಣವೇ ಬೇರೆಯಾಗುತ್ತದೆ. ಪುಸ್ತಕ ಎತ್ತಿಕೊಡುವವರಿಗೂ ಯಾವ ಪುಸ್ತಕ ಕೇಳಬೇಕೆಂದು ಹೇಳಿಕೊಡುವವರಿಗೂ ಇರುವ ವ್ಯತ್ಯಾಸ ಅದು. ಇಂದು ನಮ್ಮ ಕಾಲೇಜುಗಳಲ್ಲಿ ಗ್ರಂಥಪಾಲಕರ ಹುದ್ದೆಯನ್ನು ಕಚೇರಿ ಕೆಲಸದ ಮುಂದುವರಿಕೆಯೆಂಬಂತೆ ಕಾಣುತ್ತೇವೆ. ಈ ಧೋರಣೆ ಬದಲಾಗದೆ ಯಾವ ಯೋಜನೆಯೂ ಉಳಿಯುವುದಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ಇನ್ನು ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಕೆಲಸ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಅವರ ಶಾಲೆಯ ಕಥೆ ಬೀದರ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಭಾಲ್ಕಿ, ಕಮಲನಗರ, ಉದಗೀರ ಒಂದೇ ರೈಲು ಹಾದಿಯ ಊರುಗಳು. ಕನ್ನಡದ ಕಲಿಕೆಯನ್ನು ಈ ಹಾದಿಯಲ್ಲಿ ಕಾಪಾಡಿದ್ದು ಮಠ. ಇಂದಿಗೂ ಹಸ್ತಪ್ರತಿ, ವಚನಗಳ ಕಟ್ಟು, ಜಾತ್ರೆಯ ಲೆಕ್ಕದ ಪುಸ್ತಕ ಹುಡುಕುವವರು ಮೊದಲು ಮಠಗಳ ಬಾಗಿಲಿಗೇ ಹೋಗಬೇಕು. ವಿಶ್ವವಿದ್ಯಾಲಯದ ನೆರವಿನ ಜಾಲದಲ್ಲಿ ಮಠಗಳಿಗೆ ಜಾಗ ಇರಲೇಬೇಕು. ಮಠದವರು ನಂಬಿ ಕೊಟ್ಟ ಕಟ್ಟು ಸ್ಕ್ಯಾನ್ ಆಗಿ, ಒಂದು ಪ್ರತಿಯೊಡನೆ ಅವರಿಗೇ ಮರಳಿ ತಲುಪುವ ಖಾತ್ರಿಯೂ ಇರಬೇಕು.

ದೇಶದ ಮಟ್ಟದ ಸೌಲಭ್ಯಗಳು ಎಲ್ಲಿಯವರೆಗೆ

ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಪ್ರಬಂಧಗಳ ಭಂಡಾರ ಶೋಧಗಂಗಾ ಗಡಿಯ ಸಂಶೋಧಕರಿಗೆ ಸಿಕ್ಕ ದೊಡ್ಡ ವರ. ಪ್ರಬಂಧಗಳನ್ನು ವಿದ್ಯುನ್ಮಾನ ರೂಪದಲ್ಲಿ ಸಲ್ಲಿಸಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿದ ಮೇಲೆ ಕಲಬುರಗಿಯ ಪ್ರಬಂಧವನ್ನು ಉದಗೀರದಲ್ಲಿ ಕೂತು ಓದಬಹುದಾಯಿತು. ಕೃತಿಚೌರ್ಯ ತಪಾಸಣೆಗೆ 2019ರಿಂದ ಶೋಧಶುದ್ಧಿ ಬಂತು. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಒಪ್ಪಿದ ಒಂದು ದೇಶ ಒಂದು ಚಂದಾ ಯೋಜನೆ 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟು, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳನ್ನು ಸರ್ಕಾರಿ ಸಂಸ್ಥೆಗಳಿಗೆ ತೆರೆಯಿತು. ರಸಾಯನಶಾಸ್ತ್ರ, ವೈದ್ಯಕೀಯ, ಎಂಜಿನಿಯರಿಂಗ್ ಓದುವವರಿಗೆ ಇದರ ಲಾಭ ದೊಡ್ಡದು, ಅದನ್ನು ಮನಸಾರೆ ಒಪ್ಪುತ್ತೇನೆ. ನಮ್ಮ ಸಂಶೋಧಕಿಗೆ ಬೇಕಾದ ಧಾರವಾಡದ, ಹಂಪಿಯ, ಪುಣೆಯ ಹಳೆಯ ಸಂಚಿಕೆಗಳು ಮಾತ್ರ ಆ ಪ್ರಕಾಶಕರ ಬಳಿ ಇಲ್ಲ.

ಲಿಪಿಯ ಅಡ್ಡಿ ಇನ್ನೂ ಆಳದ್ದು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕನ್ನಡ, ಮರಾಠಿ ಪ್ರಬಂಧಗಳು ಯೂನಿಕೋಡ್ ಅಲ್ಲ. ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿಗೆ ಅವು ಅರ್ಥವಿಲ್ಲದ ಅಕ್ಷರಗಳು. ಎಷ್ಟೋ ಪ್ರಬಂಧಗಳು ಪುಟದ ಚಿತ್ರಗಳಾಗಿ ಮಾತ್ರ ಸೇರಿವೆ. ನಿಲಂಗಾ ಎಂದು ಬರೆದು ಹುಡುಕಿದರೆ ಅವುಗಳೊಳಗಿನ ನಿಲಂಗಾ ಸಿಗುವುದಿಲ್ಲ. ಅಲ್ಲಿಂದ ಯಾರಾದರೂ ಪುಟಗಟ್ಟಲೆ ನಕಲು ಮಾಡಿದರೆ ತಪಾಸಣೆಯ ತಂತ್ರಾಂಶಕ್ಕೂ ಅದು ಕಾಣದು. ಹಳೆಯ ಫಾಂಟಿನಿಂದ ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳ ತಪ್ಪುಗಳನ್ನು ಕೈಯಿಂದ ತಿದ್ದಿಕೊಡುವ ಒಬ್ಬ ಸಹಾಯಕರನ್ನು ನೇಮಿಸುವುದು ಒಂದು ವಿಶ್ವವಿದ್ಯಾಲಯಕ್ಕೆ ದೊಡ್ಡ ಖರ್ಚಲ್ಲ. ಕನ್ನಡ, ಮರಾಠಿ ಸಂಶೋಧನೆಗೆ ಇದರಷ್ಟು ನೇರವಾಗಿ ಫಲ ಕೊಡುವ ಇನ್ನೊಂದು ಖರ್ಚು ನನಗೆ ತೋರುತ್ತಿಲ್ಲ.

ಯುಜಿಸಿಯ 2018ರ ನಿಯಮಾವಳಿ ಶೇಕಡ 10ರವರೆಗಿನ ಹೋಲಿಕೆಗೆ ದಂಡ ವಿಧಿಸುವುದಿಲ್ಲ. ಆಕರ ಹೇಳಿ ಉದ್ಧರಿಸಿದ ಪಠ್ಯವನ್ನು ಲೆಕ್ಕದಿಂದ ಬಿಡಲೂ ಹೇಳುತ್ತದೆ. ಶಾಸನದ ಪೂರ್ಣ ಪಾಠವನ್ನು ಅನುಬಂಧದಲ್ಲಿ ಕೊಡುವ ಪ್ರಬಂಧಕ್ಕೆ ಈ ವಿನಾಯಿತಿ ಬಹಳ ಮುಖ್ಯ. ಯಂತ್ರ ಕೊಟ್ಟ ಶೇಕಡಾವಾರನ್ನು ಓದಿ, ಇದು ಉದ್ಧರಣೆ, ಇದು ನಕಲು ಎಂದು ಬಿಡಿಸಿ ಹೇಳಬಲ್ಲ ವಿಷಯತಜ್ಞರು ತಪಾಸಣೆಯ ಮೇಜಿನಲ್ಲಿ ಇರಬೇಕು. ಅವರಿಲ್ಲದ ಕಡೆ ಸಂಶೋಧಕರು ಸಂಖ್ಯೆಗೆ ಹೆದರಿ ಮೂಲಪಾಠವನ್ನೇ ಕತ್ತರಿಸುತ್ತಾರೆ. ಶಾಸನಾಧ್ಯಯನಕ್ಕೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ.

ದೇವಣಿ ದನ, ಕಿಲ್ಲಾರಿಯ ಮಣ್ಣು

ಮಾತು ಮಾನವಿಕ ವಿಷಯಗಳಲ್ಲೇ ನಿಂತರೆ ಅರ್ಧವಾಗುತ್ತದೆ. ಉದಗೀರದ ನೆರೆಯ ದೇವಣಿಯಿಂದ ಹೆಸರು ಪಡೆದ ದೇವಣಿ ತಳಿಯ ದನಗಳು ಲಾತೂರ ಮತ್ತು ಬೀದರ ಎರಡೂ ಕಡೆ ಇವೆ. ಅಚ್ಚ ಬಿಳಿಯದು ಬಾಲಂಕ್ಯಾ, ಮೋರೆಯ ಪಕ್ಕ ಕಪ್ಪಿರುವುದು ವಾನೇರಾ, ಮೈಮೇಲೆ ಕಪ್ಪು ಮಚ್ಚೆಗಳಿರುವುದು ಶೇವರಾ. ರೈತರು ಈ ಹೆಸರುಗಳಿಂದಲೇ ಅವನ್ನು ಗುರುತಿಸುತ್ತಾರೆ. ಉದಗೀರದಲ್ಲಿ ನಾಗಪುರದ ಮಹಾರಾಷ್ಟ್ರ ಪಶು ಮತ್ತು ಮೀನುಗಾರಿಕೆ ವಿಜ್ಞಾನ ವಿಶ್ವವಿದ್ಯಾಲಯದ ಪಶುವೈದ್ಯಕೀಯ ಕಾಲೇಜಿದೆ. ಬೀದರಿನಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನವೇ ಇದೆ. ತಳಿಯ ವಂಶಾವಳಿ, ಕರುವಿನ ತೂಕ, ಹಾಲಿನ ಪ್ರಮಾಣ ಇವುಗಳನ್ನು ಒಂದೇ ನಮೂನೆಯಲ್ಲಿ ದಾಖಲಿಸಿದರಷ್ಟೇ ಎರಡು ಕಡೆಯ ಅಂಕಿಗಳನ್ನು ಕೂಡಿಸಿ ಲೆಕ್ಕ ಹಾಕಬಹುದು. ಇಂಥ ಏಕರೂಪದ ನಮೂನೆ ಮಾಡಿಕೊಡುವುದು, ಅಂಕಿಗಳನ್ನು ಕಾಪಿಟ್ಟು ಇಬ್ಬರಿಗೂ ತೆರೆದಿಡುವುದು, ಸಂಖ್ಯಾಶಾಸ್ತ್ರಜ್ಞರೊಬ್ಬರನ್ನು ಸಲಹೆಗೆ ದೊರಕಿಸುವುದು ಸಂಶೋಧನಾ ನೆರವಿನ ಕೆಲಸ. ಸಂತೆಯಲ್ಲಿ ಎತ್ತು ಕೊಳ್ಳುವ ರೈತ ರಾಜ್ಯದ ಗಡಿಯನ್ನು ಲೆಕ್ಕಿಸುವುದಿಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ನನ್ನಿಂದಾಗದು. ಔಸಾ ತಾಲೂಕಿನ ಕಿಲ್ಲಾರಿ, ಉಮರ್ಗಾ ಕಡೆಯ ಸಾಸ್ತೂರ ಮುಂತಾದ ಊರುಗಳು ನೆಲಸಮವಾದವು. ಸುಮಾರು ಹತ್ತು ಸಾವಿರ ಜನ ಸತ್ತರು. 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದರು. ಗಟ್ಟಿ ಭೂಖಂಡದ ನಡುವೆ ಇಂಥ ಕಂಪನವಾದದ್ದು ಭೂವಿಜ್ಞಾನಿಗಳ ಗಮನ ಸೆಳೆಯಿತು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಕಿಲ್ಲಾರಿಯಲ್ಲಿ ಆಳಕ್ಕೆ ಕೊರೆದು ಅಧ್ಯಯನ ಮಾಡಿತು. ಮನೆ ಕಟ್ಟುವ ರೀತಿ, ಪುನರ್ವಸತಿ, ಮನಸ್ಸಿನ ಆಘಾತಗಳ ಮೇಲೂ ಬಹಳ ಬರೆಯಲಾಯಿತು. ಆ ಬರಹಗಳ ಬಹುಪಾಲು ಇಂಗ್ಲಿಷ್ ನಿಯತಕಾಲಿಕೆಗಳಲ್ಲಿದೆ. ಪ್ರಶ್ನಾವಳಿಗೆ ಉತ್ತರ ಕೊಟ್ಟವರ ಮೊಮ್ಮಕ್ಕಳು ಇಂದು ಉಮರ್ಗಾದ ಕಾಲೇಜಿನಲ್ಲಿ ಓದುತ್ತಿದ್ದರೆ, ತಮ್ಮ ಊರಿನ ಮೇಲೆ ಬರೆದದ್ದೆಲ್ಲ ಅವರಿಗೆ ಒಂದೇ ಕಪಾಟಿನಲ್ಲಿ ಸಿಗಬೇಕು, ಜೊತೆಗೆ ಮರಾಠಿ, ಕನ್ನಡಗಳಲ್ಲಿ ಅದರ ಸಾರವೂ ಸಿಗಬೇಕು. ಹೊರಗಿನಿಂದ ಬಂದು ಸಾಮಗ್ರಿ ಒಯ್ದ ಸಂಶೋಧನೆಯ ಪ್ರತಿಯನ್ನು ಊರಿಗೆ ತರಿಸುವುದೂ ವಿಶ್ವವಿದ್ಯಾಲಯದ ಕರ್ತವ್ಯಗಳಲ್ಲಿ ಒಂದು. ಇದನ್ನು ಯಾವ ಮೌಲ್ಯಮಾಪನ ಪತ್ರಿಕೆಯೂ ಕೇಳುವುದಿಲ್ಲವೆಂದು ಬಿಟ್ಟುಬಿಡಬಾರದು.

ಹೆಂಗಸರ ಹಾಡುಗಳಿಗೂ ಇದೇ ಮಾತು ಸಲ್ಲುತ್ತದೆ. ಪುಣೆಯಲ್ಲಿ ಹೇಮಾ ರಾಯಿರ್ಕರ್, ಗೀ ಪ್ವಾತ್ವೆ ಅವರು ಕೂಡಿಸಿದ ಮರಾಠಿ ಬೀಸುಕಲ್ಲಿನ ಪದಗಳ ಸಂಗ್ರಹದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹಾಡುಗಳಿವೆ, ಹಾಡಿದವರ ಹೆಸರೂ ಊರೂ ಜೊತೆಗಿವೆ. ಗಡಿಯ ಮನೆಗಳಲ್ಲಿ ಒಬ್ಬಳೇ ಹೆಂಗಸು ತವರಿನ ಹಾಡನ್ನು ಕನ್ನಡದಲ್ಲಿ, ಗಂಡನ ಮನೆಯದನ್ನು ಮರಾಠಿಯಲ್ಲಿ ಹಾಡುವುದುಂಟು. ಅದನ್ನು ಧ್ವನಿಮುದ್ರಿಸಲು ಒಳ್ಳೆಯ ಯಂತ್ರ, ಒಪ್ಪಿಗೆ ಪಡೆಯುವ ಸರಿಯಾದ ರೀತಿ, ಎರಡೂ ಭಾಷೆಯಲ್ಲಿ ಬರೆದಿಳಿಸುವ ಕೈ ಬೇಕು. ಧ್ವನಿಯನ್ನು ಸಂಶೋಧಕರ ಮೊಬೈಲಿನಲ್ಲೇ ಉಳಿಸಿ ಮೊಬೈಲು ಕೆಟ್ಟಾಗ ಕಳೆದುಕೊಳ್ಳದಂತೆ ಇಡುವ ಜಾಗವೂ ಬೇಕು.

ಹೇಗೆ ಕಟ್ಟಬಹುದು

ನಕ್ಷೆ ನೋಡಿದರೆ ದಾರಿ ತಾನೇ ಹೊಳೆಯುತ್ತದೆ. ಉದಗೀರದವರಿಗೆ ನಾಂದೇಡಕ್ಕಿಂತ ಬೀದರ ಹತ್ತಿರ. ಉಮರ್ಗಾದವರು ಆಳಂದ ದಾಟಿದರೆ ಕಡಗಂಚಿಯಲ್ಲಿ 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಸಿಗುತ್ತದೆ. ಅಲ್ಲಿಂದ ಇನ್ನಷ್ಟು ದೂರ ಹೋದರೆ 1980ರಿಂದ ಇರುವ ಗುಲಬರ್ಗಾ ವಿಶ್ವವಿದ್ಯಾಲಯ. 2023ರಲ್ಲಿ ಬೀದರಿಗೂ ತನ್ನದೇ ವಿಶ್ವವಿದ್ಯಾಲಯ ಬಂದಿದೆ. ನಾಂದೇಡದ ವಿಶ್ವವಿದ್ಯಾಲಯಕ್ಕೆ ಲಾತೂರದಲ್ಲಿ ಉಪಕೇಂದ್ರವಿದೆ, ಔರಂಗಾಬಾದಿನದಕ್ಕೆ ಧಾರಾಶಿವದಲ್ಲಿದೆ. ಹೊಸ ಕಟ್ಟಡದ ಅಗತ್ಯವಿಲ್ಲ. ಉದಗೀರ ಅಥವಾ ನಿಲಂಗಾದ ಹಳೆಯ ಕಾಲೇಜೊಂದರ ಗ್ರಂಥಾಲಯದಲ್ಲಿ ಒಂದು ಕೋಣೆ, ಅದಕ್ಕೆ ಒಬ್ಬ ಪೂರ್ಣಾವಧಿ ಸಂಶೋಧನಾ ಗ್ರಂಥಪಾಲಕರು ಸಾಕು. ಅವರಿಗೆ ಕನ್ನಡ, ಮರಾಠಿ ಎರಡನ್ನೂ ಸರಾಗವಾಗಿ ಓದಲು ಬರಬೇಕು. ಮೋಡಿ, ಉರ್ದು, ಹಳಗನ್ನಡ ಲಿಪಿ ಓದಿಕೊಡುವವರನ್ನು ತಿಂಗಳಿಗೊಮ್ಮೆ ಗೌರವಧನ ಕೊಟ್ಟು ಕರೆಸಬಹುದು. ಅಂಥವರು ಬೀದರ, ಕಲಬುರಗಿ, ಹೈದರಾಬಾದ್, ಪುಣೆಗಳಲ್ಲಿ ಇದ್ದಾರೆ. ನಿವೃತ್ತರಾದವರು ಇಂಥ ಕರೆಗೆ ಸಂತೋಷದಿಂದ ಬರುತ್ತಾರೆ.

ಪಿಎಚ್.ಡಿ. ಕುರಿತ ಯುಜಿಸಿಯ 2022ರ ನಿಯಮಾವಳಿ ಬೇರೆ ಸಂಸ್ಥೆಯವರನ್ನು ಸಹಮಾರ್ಗದರ್ಶಕರನ್ನಾಗಿ ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. ಈ ಒಂದು ಕಲಮನ್ನು ಗಡಿಯ ವಿಶ್ವವಿದ್ಯಾಲಯಗಳು ಮನಸ್ಸಿಟ್ಟು ಬಳಸಿದರೆ ನಾಂದೇಡದಲ್ಲಿ ಇತಿಹಾಸಕ್ಕೆ ನೋಂದಾಯಿಸಿದವಳಿಗೆ ಕಲಬುರಗಿಯ ಅಥವಾ ಧಾರವಾಡದ ಶಾಸನತಜ್ಞರು ಸಹಮಾರ್ಗದರ್ಶಕರಾಗಬಹುದು. ರಿತ್ತಿ ಮತ್ತು ಶೇಳ್ಕೆ ತಮ್ಮ ಸ್ನೇಹದಿಂದ ಮಾಡಿದ್ದನ್ನು ಇಂದು ನಿಯಮವೇ ಮಾಡಿಸಿಕೊಡಬಲ್ಲದು. ಅಡ್ಡಿ ಇರುವುದು ಅರ್ಜಿಯ ಹಾದಿಯಲ್ಲಿ. ಎರಡು ರಾಜ್ಯಗಳ ಎರಡು ಕಚೇರಿಗಳ ನಡುವೆ ಆ ಕಾಗದವನ್ನು ಬೆನ್ನು ಹತ್ತಿ ಮುಗಿಸಿಕೊಡುವುದು ನೆರವಿನ ಕೋಣೆಯ ಕೆಲಸವಾಗಬೇಕು; ಅದು ವಿದ್ಯಾರ್ಥಿನಿಯ ತಲೆನೋವಾಗಬಾರದು. ಪ್ರವಾಸಕ್ಕೆ ಸಣ್ಣ ಮೊತ್ತ, ಮೈಸೂರಿನಲ್ಲೋ ತಾರ್ನಾಕದಲ್ಲೋ ಒಂದು ವಾರ ಉಳಿದು ಓದಲು ವಸತಿ, ಪ್ರತಿ ತೆಗೆಸುವ ಶುಲ್ಕ ಇಷ್ಟನ್ನು ಮುಂಗಡವಾಗಿಯೇ ಕೊಡಬೇಕು. ಖರ್ಚು ಮಾಡಿ ಬಿಲ್ಲು ಸಲ್ಲಿಸಿ ಎನ್ನುವ ಪದ್ಧತಿಯಲ್ಲಿ ಹೊಲದ ಮನೆಯ ಮಕ್ಕಳು ಹೊರಡುವುದೇ ಇಲ್ಲ. ಹೆಣ್ಣುಮಕ್ಕಳಿಗೆ ಪರಊರಿನಲ್ಲಿ ವಸತಿಯ ಏರ್ಪಾಡು ಮೊದಲೇ ಆಗಿರದಿದ್ದರೆ ಮನೆಯವರ ಒಪ್ಪಿಗೆಯೂ ಸಿಗುವುದಿಲ್ಲ.

ಕೆಲಸ ಹೇಗೆ ನಡೆಯುತ್ತಿದೆ ಎಂದು ತಿಳಿಯಲು ಕಾರ್ಯಾಗಾರಗಳ ಸಂಖ್ಯೆ ಸಾಕಾಗದು. ಕೋಣೆಯಲ್ಲಿ ಒಂದು ಪ್ರಶ್ನೆಪುಸ್ತಕ ಇರಲಿ. ಯಾರು ಏನು ಕೇಳಿದರು, ಉತ್ತರ ಎಲ್ಲಿ ಸಿಕ್ಕಿತು, ಎಷ್ಟು ದಿನ ಹಿಡಿಯಿತು, ಸಿಗದಿದ್ದರೆ ಎಲ್ಲಿ ನಿಂತಿತು ಎಂದು ಅದರಲ್ಲಿ ಬರೆಯಬೇಕು. ಮುಂದೆ ಬರುವ ಸಂಶೋಧಕರು ಮೊದಲು ಓದಬೇಕಾದ ಪುಸ್ತಕವೇ ಅದಾಗುತ್ತದೆ. ಒಬ್ಬಳು ಪಟ್ಟ ಪಾಡು ಇನ್ನೊಬ್ಬನಿಗೆ ತಪ್ಪುತ್ತದೆ.

ಮೊದಲ ವರ್ಷಕ್ಕೆ ಎರಡು ಕೆಲಸ ಸಾಕೆಂದು ನನ್ನ ಎಣಿಕೆ. ಒಂದು, ಉಮರ್ಗಾ, ನಿಲಂಗಾ, ಉದಗೀರ, ಶಿರೂರ ಅನಂತಪಾಳ, ದೇವಣಿ ತಾಲೂಕುಗಳ ಪ್ರತಿ ಹಳ್ಳಿಯೂ 1951ರಿಂದ ಈಚೆಗೆ ಯಾವ ಯಾವ ತಾಲೂಕು, ಜಿಲ್ಲೆ, ರಾಜ್ಯದಲ್ಲಿತ್ತು ಎಂಬ ಕೋಷ್ಟಕ. ಗಣತಿ, ಕಂದಾಯ, ಶಿಕ್ಷಣ ಯಾವುದರ ಮೇಲೆ ಕೆಲಸ ಮಾಡುವವರಿಗೂ ಅದು ಬೇಕು. ಇನ್ನೊಂದು, ಈ ತಾಲೂಕುಗಳಲ್ಲಿ ವರದಿಯಾದ ಕನ್ನಡ ಶಾಸನಗಳ ಕೈಪಿಡಿ. ಕಲ್ಲು ಈಗ ಎಲ್ಲಿ ನಿಂತಿದೆ, ಪಡಿಯಚ್ಚು ಎಲ್ಲಿದೆ, ಮುದ್ರಿತ ಪಾಠ ಯಾವ ಸಂಪುಟದಲ್ಲಿದೆ, ಕಾಲ ಯಾವುದು, ಅರಸ ಯಾರು ಎಂಬ ವಿವರಗಳು ಕನ್ನಡ ಮತ್ತು ಮರಾಠಿ ಎರಡರಲ್ಲೂ ಇರಬೇಕು. ಬೆಂಗಳೂರಿನ ಮಿಥಿಕ್ ಸೊಸೈಟಿ ಬೆಂಗಳೂರು ಸುತ್ತಲಿನ ಶಾಸನಗಳಿಗೆ ಮಾಡುತ್ತಿರುವಂತೆ ಮೂರು ಆಯಾಮದ ಸ್ಕ್ಯಾನ್ ಇವಕ್ಕೂ ಆದರೆ ಸವೆದ ಸಾಲುಗಳನ್ನು ಪರದೆಯ ಮೇಲೆ ಬೆಳಕು ಹೊರಳಿಸಿ ಓದಬಹುದು. ಅದಕ್ಕೆ ಕಲ್ಲುಗಳು ಇನ್ನೂ ಉಳಿದಿರಬೇಕು. ಗುಡಿಯ ಜೀರ್ಣೋದ್ಧಾರವೆಂದು ಹಳೆಯ ಕಲ್ಲಿಗೆ ಎಣ್ಣೆಬಣ್ಣ ಬಳಿಯುವುದು, ಸಿಮೆಂಟಿನಲ್ಲಿ ಹುಗಿಯುವುದು ಈ ಭಾಗದಲ್ಲೂ ನಡೆದಿದೆ. ಆದ್ದರಿಂದ ಕೈಪಿಡಿಯ ಕೆಲಸ ಊರ ಪಂಚಾಯತಿಯವರನ್ನೂ ಗುಡಿಯ ಪೂಜಾರಿಗಳನ್ನೂ ಕೂಡಿಸಿಕೊಂಡೇ ಆರಂಭವಾಗಬೇಕು. ಸಿದ್ಧವಾದ ಪಟ್ಟಿಯ ಮೊದಲ ಪ್ರತಿಗಳು ಆಯಾ ಊರಿನ ಶಾಲೆಗೆ ಹೋಗಬೇಕು.